ಪರದೆ ಮೇಲೆ ಕರಡು ತಿದ್ದಿದ ಮೂರು ತಿಂಗಳು

ತುಮಕೂರಿನ ಅಶೋಕ ರಸ್ತೆಯ ಒಂದು ಪ್ರೆಸ್ಸಿಗೆ 17 ವರ್ಷದಿಂದ ಕರಡು ತಿದ್ದುತ್ತಿದ್ದೇನೆ. ಮನೆ ಎಸ್.ಎಸ್. ಪುರಂನಲ್ಲಿ. ಪ್ರಿಂಟ್ ತರುವುದು, ಕೆಂಪು ಪೆನ್ನಿನಲ್ಲಿ ತಿದ್ದಿ ಕೊಡುವುದು, ಮತ್ತೆ ಇನ್ನೊಂದು ಪ್ರಿಂಟ್ ತರುವುದು, ಇದೇ ಓಡಾಟ. ಮೂರು ತಿಂಗಳ ಹಿಂದೆ ಪೆನ್ನಿರುವ ಟಚ್‌ಸ್ಕ್ರೀನ್ ಲ್ಯಾಪ್‌ಟಾಪ್ ಕೊಂಡೆ. ಈಗ ವರ್ಡ್‌ನಲ್ಲೇ ತಿದ್ದುತ್ತೇನೆ.

ಮೈಕ್ರೋಸಾಫ್ಟ್ 365ರ ವರ್ಡ್‌ನಲ್ಲಿ 'ಡ್ರಾ' ಒತ್ತಿದರೆ 'ಆಕ್ಷನ್ ಪೆನ್' ಸಿಗುತ್ತದೆ. ಪದದ ಮೇಲೆ ಗೆರೆ ಹೊಡೆದರೆ ಅಳಿಯುತ್ತದೆ. ಸುತ್ತು ಹಾಕಿದರೆ ಆಯ್ಕೆಯಾಗುತ್ತದೆ. ಅಂಟಿಕೊಂಡ ಪದಗಳ ನಡುವೆ ನೆಟ್ಟಗೆ ಗೆರೆ ಎಳೆದರೆ ಬಿಡಿಯಾಗುತ್ತವೆ. ಹಂಸಪಾದ (^ ಗುರುತು) ಹಾಕಿದರೆ ಸೇರಿಸಲು ಜಾಗ ಬಿಡುತ್ತದೆ. ಎಲ್ಲ ನಮ್ಮ ಕೈಗೆ ಪಳಗಿದ ಗುರುತುಗಳೇ ಅಲ್ವಾ? ಹೊಸದಾಗಿ ಕಲಿಯಬೇಕಾದ್ದು ತುಂಬ ಕಡಿಮೆ.

ನನಗೆ ಜಾಸ್ತಿ ಉಪಕಾರವಾದದ್ದು ಕೂಡಿಸುವ ಗೆರೆಯಿಂದ. ಹಳೆಯ ಫಾಂಟಿನ ಕಡತ ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ, ಬದಲಾಗಿ ಬಂದಾಗ 'ಮಾಡು ತ್ತಾರೆ', 'ದೇವ ಸ್ಥಾನ' ಅಂತ ಪದಗಳು ಒಡೆದಿರುತ್ತವೆ. ಪುಟಕ್ಕೆ ಹತ್ತಿಪ್ಪತ್ತು ಇರುತ್ತವೆ. ಎರಡು ತುಂಡಿನ ನಡುವೆ ಬಿಲ್ಲಿನ ಹಾಗೆ ಸಣ್ಣ ಗೆರೆ ಎಳೆದರೆ ಸಾಕು, ಕೂಡಿಕೊಳ್ಳುತ್ತವೆ. ಕಳೆದ ತಿಂಗಳು ಒಂದು ಜಾತ್ರೆಯ ಸ್ಮರಣ ಸಂಚಿಕೆ ಬಂದಿತ್ತು, 96 ಪುಟ. ಎರಡು ದಿನದಲ್ಲಿ ಮುಗಿಸಿ ಕಳಿಸಿದೆ. ನನಗೇ ಖುಷಿಯಾಯಿತು.

ಆದರೆ ಕನ್ನಡಕ್ಕೇ ಸೇರಿದ ಒಂದು ತೊಡಕಿದೆ. ಅದೇ ಸಂಚಿಕೆಯಲ್ಲಿ 'ಊರಿನ ಮದ್ಯಭಾಗದಲ್ಲಿ' ಅಂತಿತ್ತು. ಮದ್ಯ ಅಂದರೆ ಹೆಂಡ, ಬಿಡುವ ಹಾಗಿಲ್ಲ. ಕಾಗದದಲ್ಲಾದರೆ 'ದ'ದ ಹೊಟ್ಟೆಯ ಕೆಳಗೆ ಚಿಕ್ಕದೊಂದು ಸೀಳು ಎಳೆದರೆ 'ಧ' ಆಯಿತು, ಕಣ್ಣು ಮಿಟುಕಿಸುವಷ್ಟರಲ್ಲಿ. ಪರದೆ ಮೇಲೆ ಆ ಸೀಳು ನಡೆಯುವುದಿಲ್ಲ. ಯೂನಿಕೋಡಿನಲ್ಲಿ ದ, ಧ ಅಕ್ಕಪಕ್ಕ ಕೂತಿದ್ದರೂ ಬೇರೆಬೇರೆ ಅಕ್ಷರಗಳು. ಒಂದನ್ನು ಸೀಳಿ ಇನ್ನೊಂದು ಮಾಡಲು ಬರುವುದಿಲ್ಲ. ಒತ್ತಕ್ಷರದ್ದೂ ಇದೇ ಕಥೆ, ಒತ್ತೊಂದನ್ನೇ ಗೆರೆ ಹೊಡೆದು ತೆಗೆಯಲು ನನಗೆ ಇನ್ನೂ ಆಗಿಲ್ಲ. ಕನ್ನಡದ ತಪ್ಪುಗಳಲ್ಲಿ ಬಹುಪಾಲು ಇಂಥವೇ. ಅಲ್ಲಿ ಪೆನ್ನು ಪಕ್ಕಕ್ಕಿಟ್ಟು ಕೀಲಿಮಣೆ ಹಿಡಿಯುತ್ತೇನೆ. ಪದ ಸೇರಿಸುವಾಗಲೂ ಅಷ್ಟೇ, ಟೈಪ್ ಮಾಡುವುದೇ ವಾಸಿ.

ವರ್ಡ್‌ನಲ್ಲಿ ತಿದ್ದಿದ್ದನ್ನೆಲ್ಲ ಗುರುತು ಹಾಕಿ ತೋರಿಸುವ 'ಟ್ರ್ಯಾಕ್ ಚೇಂಜಸ್' ಅಂತ ಒಂದಿದೆ. ಮೊದಲ ವಾರ ಅದನ್ನು ಹಾಕದೆ ತಿದ್ದಿದ್ದೆ. ಪ್ರೆಸ್ಸಿನಲ್ಲಿ ಪುಟ ಜೋಡಿಸುವ ಡಿಟಿಪಿ ಹುಡುಗಿ ಫೋನ್ ಮಾಡಿದಳು: "ಮೇಡಂ, ಕೆಂಪು ಗುರುತೇ ಇಲ್ವಲ್ಲ, ಏನು ತಿದ್ದಿದೀರಿ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?" ಅವಳು ಕೇಳಿದ್ದು ಸರಿ. ಲೇಖಕರೂ ನೋಡಿ ಒಪ್ಪಬೇಕಲ್ಲ. ಈಗ ಮೊದಲು ಅದನ್ನು ಒತ್ತಿಯೇ ಪೆನ್ನು ಮುಟ್ಟುವುದು. ಅಳಿಸಿದ ಪದ ಮೈಮೇಲೆ ಗೆರೆ ಹೊತ್ತು ಅಲ್ಲೇ ಉಳಿಯುತ್ತದೆ.

ಪುಟವನ್ನು ದೊಡ್ಡದು ಮಾಡಿಕೊಂಡು ತಿದ್ದಿ. ಅಕ್ಷರ ಸಣ್ಣದಿದ್ದರೆ ಗೆರೆ ಕೆಳಗಿನ ಸಾಲಿನ ಒತ್ತಿಗೆ ತಾಗಿ ಬೇರೆ ಪದ ಹೋಗುತ್ತದೆ.

ಇಂಥ ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ ನಿಮ್ಮದೇ ಒಂದು ಕನ್ನಡ ಕಡತವನ್ನು ಪೆನ್‌ಡ್ರೈವಿನಲ್ಲಿ ಅಂಗಡಿಗೆ ಒಯ್ಯಿರಿ. ಅಂಗಡಿಯವರು ಸುಮ್ನೆ ಚಿತ್ರ ಬಿಡಿಸಿ ತೋರಿಸಿದರೆ ಸಾಲದು. ಒಡೆದ ಪದ ನಾಲ್ಕನ್ನು ನೀವೇ ಕೂಡಿಸಿ ನೋಡಿ.