ಕ್ಯಾಶುವಲ್ಟಿಯಲ್ಲಿ ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ಮುಟ್ಟಿದೆ ಅಂತ ನಂಬ್ಬೇಡಿ

ಮಂಗಳೂರಿನದ್ದೇ ಒಂದು ದೊಡ್ಡ ಆಸ್ಪತ್ರೆ, ಹೆಸರು ಬೇಡ, ಕೇಸು ಗೀಸು ಅಂತ ಓಡಾಡ್ಲಿಕ್ಕೆ ನಮಗೆ ಪುರುಸೊತ್ತಿಲ್ಲ. ಅಪ್ಪನಿಗೆ ಹಾರ್ಟಿನ ವಾಲ್ವ್ ಬದಲಾಯಿಸಿ ಆಗಿದೆ, ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಅಸಿಟ್ರೋಮ್ ಮಾತ್ರೆ ಉಂಟು. ಮಳೆಗೆ ಪಾಚಿ ಹಿಡಿದ ಅಂಗಳದಲ್ಲಿ ಜಾರಿ ಬಿದ್ರು, ಕೈಗೆ ಜೋರು ಪೆಟ್ಟು, ತಲೆಯ ಹಿಂದೆಯೂ ಸ್ವಲ್ಪ ತಾಗಿತ್ತು. ಬಂಟ್ವಾಳದಿಂದ ಕರ್ಕೊಂಡು ಬರುವಾಗ ಮಾತಾಡ್ತಾನೇ ಇದ್ರು, ಪಂಪ್‌ವೆಲ್ ಟ್ರಾಫಿಕ್ಕಿಗೆ ಬೈದದ್ದೂ ಆಯ್ತು.

ಮೊದಲು ನೋಡಿದ ಡಾಕ್ಟರಿಗೆ ನಾನೇ ಮಾತ್ರೆ ವಿಷಯ ಹೇಳಿ ಚೀಟಿ ತೋರಿಸಿದೆ, ಅವರು ತಲೆಯ ಸಿಟಿ ಸ್ಕ್ಯಾನ್ ಆಗ್ಬೇಕು, ರಕ್ತ ಹೆಪ್ಪುಗಟ್ಲಿಕ್ಕೆ ಎಷ್ಟು ಹೊತ್ತು ಬೇಕು ಅಂತ ನೋಡುವ ಐಎನ್‌ಆರ್‌ಗೆ ರಕ್ತ ಕಳಿಸ್ಬೇಕು ಅಂದ್ರು. ಸರಿಯಾಗೇ ಅಂದ್ರು. ಅಷ್ಟರಲ್ಲಿ ಒಂದು ಬೈಕ್ ಆಕ್ಸಿಡೆಂಟ್ ಬಂತು, ಎಲ್ಲರೂ ಅಲ್ಲಿಗೆ ಓಡಿದ್ರು (ಓಡಬೇಕಾದ್ದೇ, ಆ ಹುಡುಗನ ಸ್ಥಿತಿ ಹಾಗಿತ್ತು), ಅದು ಮುಗಿಯುವಾಗ ರಾತ್ರಿ ಡ್ಯೂಟಿಯವರು ಬಂದಾಗಿತ್ತು. ಹೊಸಬರಿಗೆ ಅಪ್ಪ ಅಂದ್ರೆ ಕೈ ಪೆಟ್ಟಿನ ಪೇಷಂಟ್, ಅಷ್ಟೇ. ಅಪ್ಪ ಇಂಟರ್ನ್ ಹುಡುಗನಿಗೆ ತುಳುವಿನಲ್ಲಿ ವಾಲ್ವಿನ ಕಥೆ ಪೂರ್ತಿ ಹೇಳಿದ್ದಾರೆ, ಅವನಿಗೆ ತುಳು ಬಿಡಿ ಕನ್ನಡವೇ ಬರುದಿಲ್ಲ, ಹೂಂ ಹೂಂ ಅಂದ. ಆರ್ಥೋದವರು, ಅಂದ್ರೆ ಎಲುಬಿನ ಡಾಕ್ಟರುಗಳು, ಕೈ ನೋಡಿ ನೋವಿಗೆ ಡೈಕ್ಲೋಫೆನಾಕ್ ಇಂಜೆಕ್ಷನ್ ಬರೆದ್ರು (ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರಿಗೆ ಇದರಿಂದ ರಕ್ತಸ್ರಾವ ಜಾಸ್ತಿ ಆಗ್ಬಹುದು), ಸಿಸ್ಟರ್ ಸೊಂಟಕ್ಕೆ ಚುಚ್ಚಿ ಹೋದ್ರು, ನಾನು ಆಗ ಬಿಲ್ಲಿಂಗ್ ಕ್ಯೂನಲ್ಲಿ. ಸಿಟಿ ಕ್ಯಾಶುವಲ್ಟಿಯವರು ಮಾಡಿಸಿರ್ತಾರೆ ಅಂತ ಆರ್ಥೋದವರು, ಇದು ಇನ್ನು ಆರ್ಥೋ ಕೇಸು ಅಂತ ಕ್ಯಾಶುವಲ್ಟಿಯವರು. ಕೇಳಿದ್ರೆ "ಆಗ್ತದೆ, ಕರೀತಾರೆ" ಅನ್ನುವುದೊಂದೇ.

ಬೆಳಗಾಗುವಾಗ ಇಂಜೆಕ್ಷನ್ ಕೊಟ್ಟಲ್ಲಿ ಕಪ್ಪುನೀಲಿ ಊತ, ಅಪ್ಪ ತೂಕಡಿಸ್ತಾ ಇದ್ರು, ಕರೆದ್ರೆ ಸರಿ ಉತ್ತರ ಇಲ್ಲ. ಆಗ ಓಡಿಸಿದ್ರು ಸಿಟಿಗೆ. ತಲೆಯೊಳಗೆ ರಕ್ತ. ರಕ್ತ ಹೆಪ್ಪುಗಟ್ಟಿಸ್ಲಿಕ್ಕೆ ವಿಟಮಿನ್ ಕೆ, ಪ್ಲಾಸ್ಮಾ, ಮತ್ತೆ ಐಸಿಯು. ಜೀವ ಉಳೀತು, ಎಡಗೈ ಹಿಡಿತ ಮಾತ್ರ ಇನ್ನೂ ಬಂದಿಲ್ಲ.

ಅಲ್ಲಿ ಯಾರೂ ಸುಮ್ನೆ ಕೂತಿರ್ಲಿಲ್ಲ ಮಾರಾಯ್ರೆ, ಅವರವರ ಕೆಲಸ ಅವರವರು ಮಾಡಿದ್ದಾರೆ, ಒಬ್ಬರು ಇನ್ನೊಬ್ಬರಿಗೆ ಹೇಳ್ಲಿಲ್ಲ ಅಷ್ಟೇ. ಇದೇನು ಹೊಸ ರೋಗವೂ ಅಲ್ಲ, ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ರೋಗಿಗಳ ಸುರಕ್ಷತೆಗೆ ಅಂತ 9 ಪರಿಹಾರ ಕೊಟ್ಟಿತ್ತಲ್ಲ, ಪೇಷಂಟನ್ನು ಒಬ್ಬರು ಇನ್ನೊಬ್ಬರಿಗೆ ಒಪ್ಪಿಸುವಾಗ ಎಲ್ಲ ಸರಿಯಾಗಿ ಹೇಳ್ಬೇಕು ಅನ್ನುವುದು ಅದರಲ್ಲೇ ಉಂಟು.

ಹಾಗಾಗಿ ಡ್ಯೂಟಿ ಬದಲಾಗುವ ಹೊತ್ತಿಗೆ ಪೇಷಂಟಿನ ಹತ್ತಿರವೇ ನಿಲ್ಲಿ, ಬಿಲ್ಲಿಗೆ ಬೇರೆ ಯಾರನ್ನಾದ್ರೂ ಕಳಿಸಿ. ಹೊಸ ಡಾಕ್ಟರ್ ಬಂದ ಕೂಡ್ಲೇ, ಹಳಬರು ಹೇಳಿರ್ತಾರೆ ಅಂತ ಬಿಡದೆ, ಮಾತ್ರೆಯ ಹೆಸರು ಮೊದಲಿಂದ ಹೇಳಿ, ಕೇಸ್ ಶೀಟಲ್ಲಿ ಬರೆದಿದ್ದಾರಾ ಅಂತ ಕೇಳಿ. ಯಾವ ಇಂಜೆಕ್ಷನ್ ತಂದ್ರೂ ಇದೆಂತದ್ದು, ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರಿಗೆ ಆಗ್ತದಾ ಅಂತ ಕೇಳಿ, ಸಿಸ್ಟರ್ ಮುಖ ಗಂಟು ಹಾಕಿದ್ರೆ ಹಾಕ್ಲಿ. ಅಸಿಟ್ರೋಮ್, ವಾರ್ಫರಿನ್ ತಗೊಳ್ಳುವವರ ತಲೆಗೆ ಪೆಟ್ಟಾದ್ರೆ ಚೆನ್ನಾಗಿ ಮಾತಾಡ್ತಿದ್ದಾರಲ್ಲ ಅಂತ ಕಾಯ್ಲೇಬೇಡಿ, ಸಿಟಿ ಯಾವಾಗ, ಯಾರು ಕರ್ಕೊಂಡು ಹೋಗುವುದು ಅಂತ ಹೆಸರು ಹಿಡಿದು ಕೇಳಿ.

ಇದನ್ನು ಓದಿ ಹೆದರಿ ಮನೆಯಲ್ಲಿ ಮಾತ್ರೆ ನಿಲ್ಲಿಸ್ಲಿಕ್ಕೆ ಹೋಗ್ಬೇಡಿ ಮತ್ತೆ, ವಾಲ್ವಿನಲ್ಲಿ ಹೆಪ್ಪು ಕಟ್ಟಿದ್ರೆ ಅದೂ ಜೀವಕ್ಕೇ ಬರ್ತದೆ.