ಬೆಳಗಾವಿಯಲ್ಲಿ ಕುಳಿತು ಓದಿದ ಕೊಂಕಣಿ ವಿಕಿಪೀಡಿಯ
ಕನ್ನಡ, ಮರಾಠಿ, ಕೊಂಕಣಿ ಮೂರೂ ಕಿವಿಗೆ ಬೀಳುವ ಬೆಳಗಾವಿಯಲ್ಲಿ ಕುಳಿತು, 2015ರಲ್ಲಿ ಆರಂಭವಾದ ಕೊಂಕಣಿ ವಿಕಿಪೀಡಿಯವನ್ನು ತೆರೆದವರಿಗೆ ಮೊದಲು ಎದುರಾಗುವುದು ಲಿಪಿಯ ಪ್ರಶ್ನೆಯೇ. ದೇವನಾಗರಿ, ರೋಮನ್, ಕನ್ನಡ ಮೂರಕ್ಕೂ ಅಲ್ಲಿ ಜಾಗ ಸಿಕ್ಕಿರುವುದು ದೊಡ್ಡ ಮನಸ್ಸಿನ ತೀರ್ಮಾನ. ನಮ್ಮ ಲಿಪಿಯಲ್ಲಿ ಕೊಂಕಣಿ ಓದಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಆದರೆ ಒಂದು ಲಿಪಿಯ ಲೇಖನ ಮತ್ತೊಂದರಲ್ಲಿ ತಾನಾಗಿ ತೆರೆದುಕೊಳ್ಳುವುದಿಲ್ಲ. ಸರ್ಬಿಯನ್ ವಿಕಿಪೀಡಿಯದಲ್ಲಿ ಪುಟದ ಮೇಲ್ಭಾಗದಲ್ಲಿ ಲಿಪಿಯನ್ನು ಆರಿಸಿದರೆ ಸಿರಿಲಿಕ್ ಬರಹ ಲ್ಯಾಟಿನ್‌ಗೆ ತಿರುಗುತ್ತದೆ, ಏಕೆಂದರೆ ಅಲ್ಲಿನ ಅಕ್ಷರಗಳು ಬಹುಮಟ್ಟಿಗೆ ಒಂದಕ್ಕೊಂದು ಹೊಂದುತ್ತವೆ. ರೋಮನ್ ಕೊಂಕಣಿಯಲ್ಲಾದರೋ, ಗೋವಾದ ಹೆಸರನ್ನು 'Goem' ಎಂದು ಬರೆಯುವಾಗ ಕೊನೆಗೆ ಬರುವ 'ಎಮ್' ಅಕ್ಷರ ಬರೀ ಅನುನಾಸಿಕದ ಗುರುತು. 'ಕಾಮ್' (kam, ಅಂದರೆ ಕೆಲಸ) ಎಂಬಲ್ಲಿ ಅದೇ ಅಕ್ಷರ ನಿಜವಾದ ಮಕಾರ. ಈ ಭೇದ ಯಂತ್ರಕ್ಕೆ ಸುಲಭವಾಗಿ ತಿಳಿಯದು. ಇಷ್ಟು ತೊಡಕಿಲ್ಲದ, ಕನ್ನಡ ಲಿಪಿಯಿಂದ ದೇವನಾಗರಿಗೆ ಬದಲಿಸುವ ಸೌಲಭ್ಯವನ್ನಾದರೂ ಮೊದಲು ಒದಗಿಸಬೇಕು.