ಪಿನ್ ಸ್ಟ್ಯಾಂಡೋ, ಹಲ್ಲಿನ ಸ್ಟ್ಯಾಂಡೋ?

ಕಾರಿನ ಜೊತೆ ಬರುವ ಜಾಕ್ ಇರುವುದು ಸ್ಟೆಪ್ನಿ ಬದಲಿಸುವುದಕ್ಕೆ, ಅಷ್ಟೇ. ಚಕ್ರಗಳ ಮೇಲೆ ಉರುಳುವ ಟ್ರಾಲಿ ಜಾಕ್ ನೋಡಲು ಎಷ್ಟೇ ಭಾರಿಯಾಗಿದ್ದರೂ ಅದರೊಳಗಿನ ಎಣ್ಣೆಯನ್ನು ತಡೆದಿರುವುದು ಒಂದು ಸೀಲ್. ಅದು ಸೋರತೊಡಗಿದರೆ ಕಾರು ಇಳಿಯುತ್ತದೆ. ಹಾಗಾಗಿ ಕಾರಿನ ಅಡಿಗೆ ಹೋಗುವವರಿಗೆ ಜಾಕ್ ಸ್ಟ್ಯಾಂಡ್, ಅಂದರೆ ಜಾಕ್ ಎತ್ತಿದ ಕಾರನ್ನು ಹೊತ್ತು ನಿಲ್ಲುವ ಕಬ್ಬಿಣದ ಆಸರೆ, ಬೇಕೇ ಬೇಕು. ತಕರಾರು ಇರುವುದು ಯಾವ ಬಗೆಯದು, ಹಲ್ಲಿನದೋ ಪಿನ್ನಿನದೋ ಎಂಬಲ್ಲಿ. ನನ್ನ ಸ್ವಿಫ್ಟಿನ ಕೆಳಗೆ ಎರಡೂ ಬಗೆಯವನ್ನು ಇಟ್ಟು ಬ್ರೇಕ್ ಪ್ಯಾಡ್, ಸೈಲೆನ್ಸರ್, ಗೇರ್ ಆಯಿಲ್ ಕೆಲಸಗಳನ್ನು ಮಾಡಿದ್ದೇನೆ. ಈಗ ಯಾರಾದರೂ ಕೇಳಿದರೆ ಪಿನ್ ಸ್ಟ್ಯಾಂಡ್ ಎನ್ನುತ್ತೇನೆ.

ಹಲ್ಲಿನ ಸ್ಟ್ಯಾಂಡ್ ಬಳಸುವಾಗಿನ ಸುಖವೇ ಬೇರೆ. ಕಂಬವನ್ನು ಮೇಲೆಳೆದರೆ ಕಟಕಟ ಎನ್ನುತ್ತ ಬೇಕಾದ ಎತ್ತರಕ್ಕೆ ನಿಲ್ಲುತ್ತದೆ. ಗೇರ್ ಆಯಿಲ್ ತುಂಬುವಾಗ ಇದರ ಬೆಲೆ ಗೊತ್ತಾಯಿತು. ಆಯಿಲ್ ಮಟ್ಟ ಸರಿಯಾಗಿ ಸಿಗಬೇಕಾದರೆ ಕಾರು ನಾಲ್ಕೂ ಮೂಲೆಯಲ್ಲಿ ಸಮನಾಗಿ ನಿಲ್ಲಬೇಕು, ನಮ್ಮ ಪೋರ್ಟಿಕೊ ನೆಲವೋ ಮಳೆನೀರು ಹರಿದುಹೋಗಲೆಂದು ಕೊಂಚ ವಾರೆ. ಒಂದೊಂದೇ ಹಲ್ಲು ಏರಿಸಿ ಸಮ ಮಾಡುವುದು ಸುಲಭವಾಯಿತು. ಪಿನ್ ಸ್ಟ್ಯಾಂಡಿನಲ್ಲಿ ಒಂದು ತೂತಿನಿಂದ ಇನ್ನೊಂದಕ್ಕೆ ಮೂರು ಸೆಂಟಿಮೀಟರಿಗೂ ಹೆಚ್ಚು ಅಂತರವಿದ್ದು, ಅಲ್ಲಿ ಇಂಥ ನಾಜೂಕು ನಡೆಯುವುದಿಲ್ಲ.

ಆದರೆ ಹಲ್ಲಿನ ಸ್ಟ್ಯಾಂಡಿನಲ್ಲಿ ಭಾರ ಹೊರುವ ಕೊಂಡಿ ಇರುವುದು ಒಳಗಡೆ. ಅದು ಹಲ್ಲಿನ ಬುಡಕ್ಕೆ ಪೂರ್ತಿ ಕೂತಿದೆಯೋ, ತುದಿಗೆ ಸಿಕ್ಕಿಕೊಂಡಿದೆಯೋ ಎಂದು ಹೊರಗಿನಿಂದ ಕಾಣುವುದಿಲ್ಲ. ಗ್ರೀಸ್ ಒಣಗಿ ಮಣ್ಣು ಹಿಡಿದಾಗ, ಆ ಕೊಂಡಿಯನ್ನು ಆಡಿಸುವ ಹೊರಗಿನ ಹಿಡಿಕೆ ತಾನಾಗಿ ಪೂರ್ತಿ ಕೆಳಗೆ ಬೀಳದೆ ನಡುವೆಯೇ ನಿಲ್ಲುವುದನ್ನು ನೋಡಿದ್ದೇನೆ. ಕೈಯಿಂದ ಒತ್ತಿ ಕೆಳಕ್ಕೆ ತಳ್ಳಿದ ಮೇಲೆಯೇ ಕಾರನ್ನು ಅದರ ಮೇಲಿಳಿಸುವುದು. ಇದು ಬರೀ ಪುಕ್ಕಲುತನವಲ್ಲ. 2020ರಲ್ಲಿ ಅಮೆರಿಕದ ಹಾರ್ಬರ್ ಫ್ರೇಟ್ ಕಂಪನಿಯು ಪಿಟ್ಸ್‌ಬರ್ಗ್ ಹೆಸರಿನ 3 ಮತ್ತು 6 ಟನ್ನಿನ ಹಲ್ಲಿನ ಸ್ಟ್ಯಾಂಡುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಕೊಂಡಿ ಸರಿಯಾಗಿ ಕಚ್ಚದೆ, ಭಾರ ಅತ್ತಿತ್ತ ಸರಿದಾಗ ಸ್ಟ್ಯಾಂಡ್ ಕುಸಿಯುವ ಅಪಾಯವಿತ್ತು. ಬದಲಿಗೆ ಕೊಟ್ಟ 3 ಟನ್ನಿನ ಕೆಲವನ್ನು ಅದೇ ವರ್ಷ ಬೆಸುಗೆ ದೋಷಕ್ಕಾಗಿ ಮತ್ತೆ ಕರೆಸಿಕೊಳ್ಳಬೇಕಾಯಿತು. ಬೆಸುಗೆಯ ಮಾತು ಪಿನ್ ಸ್ಟ್ಯಾಂಡಿಗೂ ಸಲ್ಲುತ್ತದೆ, ಕೊಳ್ಳುವಾಗ ಕಾಲುಗಳ ಸಂದಿಯನ್ನು ಬೆಳಕಿಗೆ ಹಿಡಿದು ನೋಡಿ.

ಪಿನ್ ಸ್ಟ್ಯಾಂಡಿನಲ್ಲಿ ಅಂಥ ಗುಟ್ಟೇನೂ ಇಲ್ಲ. ಒಂದು ಕೊಳವೆಯೊಳಗೆ ಇನ್ನೊಂದು, ಎರಡನ್ನೂ ತೂರಿಕೊಂಡು ಒಂದು ದಪ್ಪ ಪಿನ್, ಅದರ ತುದಿಗೆ ಕ್ಲಿಪ್. ಮಲಗಿದ ಜಾಗದಿಂದಲೇ ಕತ್ತು ತಿರುಗಿಸಿದರೆ ಆಚೆ ಬದಿಯಲ್ಲಿ ಪಿನ್ನಿನ ತುದಿ ಕಾಣುತ್ತದೆ. ನನಗೆ ಇದೊಂದೇ ಸಾಕು. ಒಂದು ಎಚ್ಚರಿಕೆ: ಪಿನ್ ಕಳೆದುಹೋದರೆ ಕೈಗೆ ಸಿಕ್ಕ ಬೋಲ್ಟನ್ನೋ ಕಬ್ಬಿಣದ ಸರಳನ್ನೋ ತೂರಿಸಬಾರದು. ನಾನು ಪಿನ್ನನ್ನು ಸಣ್ಣ ಸರಪಳಿಯಿಂದ ಸ್ಟ್ಯಾಂಡಿಗೇ ಕಟ್ಟಿದ್ದೇನೆ.

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ, "ಮೂರು ಟನ್ ಸಾರ್, ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಿ" ಎಂದರು. ಕಣ್ಣು ತೆರೆದು ಚೀಟಿ ಓದಿದರೆ ಅದು ಜೋಡಿಯ ಲೆಕ್ಕ, ಒಂದಕ್ಕೆ ಒಂದೂವರೆ. ಚಿಕ್ಕ ಕಾರಿಗೆ ಅದೂ ಧಾರಾಳವೇ, ಆದರೆ ದೊಡ್ಡ ಗಾಡಿಯವರು ಈ ಚೀಟಿ ಓದದೆ ದುಡ್ಡು ಕೊಡಬಾರದು.

ಇನ್ನು ಸ್ಟ್ಯಾಂಡಿನ ತಲೆ. ಕಾರಿನ ಬಾಗಿಲ ಕೆಳಗೆ ತಗಡು ಮಡಚಿ ಬೆಸೆದ ಅಂಚೊಂದು ಓಡುತ್ತದೆ. ಅದರಲ್ಲಿ ಗಟ್ಟಿ ಮಾಡಿದ ಜಾಗವನ್ನು ಎರಡು ಕಚ್ಚುಗಳಿಂದ ಗುರುತಿಸಿರುತ್ತಾರೆ. ಬರಿಯ ಕಬ್ಬಿಣದ ತಲೆಯ ಮೇಲೆ ಆ ಅಂಚನ್ನು ಕೂರಿಸಿದರೆ ಬಾಗುತ್ತದೆ, ಬಣ್ಣ ಬಿರಿಯುತ್ತದೆ, ಆಮೇಲೆ ತುಕ್ಕು. ಕರಾವಳಿಯ ಕಾರುಗಳಿಗೆ ಇದು ಸಣ್ಣ ಮಾತಲ್ಲ. ಆ ಅಂಚು ಕೂರುವಂತೆ ನಡುವೆ ಸೀಳಿರುವ ರಬ್ಬರ್ ತುಂಡು ಸಿಗುತ್ತದೆ, ಎರಡೂ ಬಗೆಯ ಸ್ಟ್ಯಾಂಡಿಗೆ ಅದು ಬೇಕು. ಜಾಕ್ ಎಲ್ಲಿ, ಸ್ಟ್ಯಾಂಡ್ ಎಲ್ಲಿ ಎಂಬುದನ್ನು ಕಾರಿನ ಕೈಪಿಡಿ ನೋಡಿಯೇ ತೀರ್ಮಾನಿಸಬೇಕು.

ಕಾಂಕ್ರೀಟ್ ನೆಲದ ಮೇಲೆ ಎರಡೂ ಚೆನ್ನಾಗಿ ನಿಲ್ಲುತ್ತವೆ. ಬಿಸಿಲಿಗೆ ಕಾದ ಡಾಂಬರಿನಲ್ಲಿ ಕಾಲುಗಳು ಇಳಿಯುತ್ತವೆ. ಇಂಟರ್‌ಲಾಕ್ ಇಟ್ಟಿಗೆಯನ್ನು ನಾನು ನಂಬುವುದೇ ಇಲ್ಲ. ಟ್ರಾಲಿ ಜಾಕ್ ಕಾರನ್ನು ಎತ್ತುತ್ತ ತಾನೂ ಸ್ವಲ್ಪ ಉರುಳಬೇಕು, ಒರಟು ನೆಲದಲ್ಲಿ ಅದಕ್ಕೂ ಅಡ್ಡಿ. ಹಿಂದಿನ ಚಕ್ರ ಎತ್ತಿದಾಗ ಹ್ಯಾಂಡ್‌ಬ್ರೇಕಿನ ಭರವಸೆ ಬೇಡ, ಅದು ಹಿಡಿಯುವುದೇ ಆ ಚಕ್ರಗಳನ್ನು. ಮೊದಲ ಗೇರಿನಲ್ಲಿಟ್ಟು ಮುಂದಿನ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಕೊಡಿ. ಸ್ಟ್ಯಾಂಡಿನ ಮೇಲಿಳಿಸಿದ ಬಳಿಕ ಹೊರಗೆ ನಿಂತು ಕಾರನ್ನು ಬಲವಾಗಿ ಅಲುಗಿಸಿ ನೋಡಿ, ಬಿಚ್ಚಿದ ಚಕ್ರವನ್ನು ಕಾರಿನ ಅಡಿಗೆ ಮಲಗಿಸಿಡಿ. ಹಾಲೋ ಬ್ಲಾಕ್ ಜೋಡಿಸಿ ಕೆಲಸ ಮಾಡುವವರು ಇನ್ನೂ ಇದ್ದಾರೆ. ಅದು ಯಾವ ಮುನ್ಸೂಚನೆಯೂ ಇಲ್ಲದೆ ಒಡೆಯುತ್ತದೆ.

ಹಲ್ಲು ಮತ್ತು ಪಿನ್ ಎರಡೂ ಇರುವ ಸ್ಟ್ಯಾಂಡ್ ಸಿಕ್ಕರೆ, ನೂರಾರು ರೂಪಾಯಿ ಹೆಚ್ಚಾದರೂ ಅದನ್ನೇ ಕೊಳ್ಳಿ. ಬರೀ ಎಂಜಿನ್ ಆಯಿಲ್ ಬದಲಿಸುವವರಿಗಾದರೆ ಕಾರನ್ನೇ ಹತ್ತಿಸುವ ರ‍್ಯಾಂಪ್ ಸಾಕು. ಅದರ ಮೇಲೆ ಚಕ್ರ ಬಿಚ್ಚಲಾಗುವುದಿಲ್ಲ, ಬಂಪರ್ ತಗ್ಗಿದ್ದರೆ ಹತ್ತುವ ಮುನ್ನವೇ ತಾಗುತ್ತದೆ. ನನ್ನದಕ್ಕೆ ರ‍್ಯಾಂಪಿನ ಮುಂದೆ ಒಂದು ಹಲಗೆ ಹಾಕಬೇಕಾಯಿತು.